ಕ್ರಯದ ಕರಾರು ಅಪ್ಪನ ಹೆಸರಿನಲ್ಲಿ, ಕ್ರಯಪತ್ರ ಮಗನ ಹೆಸರಿಗೆ: ಕೊಳ್ಳುವವರ ಹೆಸರನ್ನು ಬದಲಿಸುವುದು ಹೇಗೆ?

ಮೈಸೂರು ಮೇಷ್ಟ್ರು (ಡಿಸೆಂಬರ್ 18, 2025)

ಮಾನ್ಯರೇ, ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು ಅರವತ್ತನಾಲ್ಕು. ಮೈಸೂರಿನಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿರುವ ಒಂದು ಹಳೆಯ ಮನೆಯನ್ನು 62 ಲಕ್ಷ ರೂಪಾಯಿಗೆ ಕೊಳ್ಳಲು ಮಾತಾಗಿ, ನವೆಂಬರ್ 10ರಂದು ಕ್ರಯದ ಕರಾರು ಮಾಡಿಕೊಂಡೆವು. ಮುಂಗಡವಾಗಿ 10 ಲಕ್ಷವನ್ನು ನನ್ನ ಬ್ಯಾಂಕ್ ಖಾತೆಯಿಂದಲೇ ಮಾರುವವರಿಗೆ ಕಳಿಸಿದ್ದೇನೆ. ಮಾರುವವರು ಇಬ್ಬರು ಅಣ್ಣತಮ್ಮಂದಿರು. ಕರಾರಿನ ಅವಧಿ ಮೂರು ತಿಂಗಳು, ಅಂದರೆ ಫೆಬ್ರವರಿ 10ಕ್ಕೆ ಮುಗಿಯುತ್ತದೆ. ಕರಾರು ಇ-ಮುದ್ರಾಂಕದ ಕಾಗದದ ಮೇಲಿದ್ದು ನೋಟರಿ ಆಗಿದೆಯೇ ಹೊರತು ನೋಂದಣಿ ಆಗಿಲ್ಲ, ಮನೆಯ ಸ್ವಾಧೀನವನ್ನೂ ನಾವು ಪಡೆದಿಲ್ಲ.

ಆಗ ನನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳಲು ಕಾರಣ, ಮಗ ಪುಣೆಯಲ್ಲಿದ್ದು ರಜೆ ಸಿಗದೇ ಇದ್ದದ್ದು. ಈಗ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ನನ್ನ ವಯಸ್ಸಿಗೆ ಮತ್ತು ಪಿಂಚಣಿಗೆ ಅಷ್ಟು ಸಾಲ ಹುಟ್ಟುವುದಿಲ್ಲ ಎಂದರು. ಮಗ ಮತ್ತು ಸೊಸೆ ಇಬ್ಬರೂ ಸಂಬಳದಾರರು, ಅವರಿಬ್ಬರ ಹೆಸರಿಗೇ ಕ್ರಯಪತ್ರ ಆಗಲಿ, ಸಾಲವನ್ನೂ ಅವರೇ ತೆಗೆದುಕೊಳ್ಳಲಿ ಎಂದು ಮನೆಯಲ್ಲಿ ತೀರ್ಮಾನಿಸಿದೆವು. ಇದನ್ನು ಮಾರುವವರಿಗೆ ತಿಳಿಸಿದಾಗ ತಮ್ಮ ಒಪ್ಪಿಕೊಂಡರು, ಅಣ್ಣ ಮಾತ್ರ ಹೆಸರು ಬದಲಿಸಬೇಕಾದರೆ ಎರಡು ಲಕ್ಷ ಹೆಚ್ಚಿಗೆ ಕೊಡಬೇಕೆಂದು ಕುಳಿತಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಕರಾರಿನಲ್ಲಿ ಹೆಸರನ್ನು ಬದಲಿಸಲು ಕಾನೂನಿನಲ್ಲಿ ಅವಕಾಶವಿದೆಯೇ, ಇದ್ದರೆ ಸರಿಯಾದ ಕ್ರಮ ಯಾವುದು, ಮತ್ತು ಆ ಎರಡು ಲಕ್ಷವನ್ನು ನಾನು ಕೊಡಬೇಕೇ?

ತುಮಕೂರು ರಸ್ತೆ

ಇದಕ್ಕೆ ಇಷ್ಟು ಯೋಚನೆ ಏಕೆ, ಮೇಷ್ಟ್ರೇ? ಕರಾರಿನಲ್ಲಿ ನಿಮ್ಮ ಹೆಸರಿಗೆ ಗೆರೆ ಎಳೆದು, ಮೇಲೆ ಮಗನ ಹೆಸರು ಬರೆದು, ಪಕ್ಕದಲ್ಲಿ ಎಲ್ಲರೂ ಸಹಿ ಮಾಡಿದರೆ ಮುಗಿಯಿತು. ನಮ್ಮ ಕಡೆ ಹೀಗೆಯೇ ಮಾಡುತ್ತಾರೆ. ಒಂದು ತಿದ್ದುಪಡಿ ಪತ್ರ ಬರೆಸಿದರೂ ಆಯಿತು.

ಹಳೇ ದಸ್ತಾವೇಜು

ಮೂವತ್ತು ವರ್ಷಗಳಿಂದ ಪತ್ರ ಬರೆಯುವ ಮತ್ತು ಬರೆದದ್ದನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಸಹಿಯಾದ ಕರಾರಿನಲ್ಲಿ ಕೊಳ್ಳುವವರ ಹೆಸರನ್ನೇ ಹೊಡೆದುಹಾಕಿ ಬೇರೊಂದು ಹೆಸರು ಬರೆದರೆ, ನಾಳೆ ಯಾರಾದರೂ ಒಬ್ಬರು ಆ ತಿದ್ದುವಿಕೆ ತಮ್ಮ ಒಪ್ಪಿಗೆಯಿಂದ ಆದದ್ದಲ್ಲ ಎಂದು ಹೇಳಿದ ಕೂಡಲೇ ಇಡೀ ಕರಾರಿನ ಮೇಲೆಯೇ ಅನುಮಾನ ಬೀಳುತ್ತದೆ. ಸಾಲದ್ದಕ್ಕೆ ಇ-ಮುದ್ರಾಂಕ ಪ್ರಮಾಣಪತ್ರದಲ್ಲಿ ಮೊದಲನೇ ಪಕ್ಷ, ಎರಡನೇ ಪಕ್ಷ ಮತ್ತು ಶುಲ್ಕ ಕಟ್ಟಿದವರ ಹೆಸರುಗಳು ತಾರೀಖಿನೊಡನೆ ಮುದ್ರಿತವಾಗಿರುತ್ತವೆ. ಒಳಗಿನ ಪುಟದಲ್ಲಿ ಮಗನ ಹೆಸರು, ಮೇಲಿನ ಪುಟದಲ್ಲಿ ಅಪ್ಪನ ಹೆಸರು ಇರುವ ಕಾಗದವನ್ನು ಯಾವ ಬ್ಯಾಂಕಿನ ವಕೀಲರೂ ಒಪ್ಪುವುದಿಲ್ಲ.

ತಿದ್ದುಪಡಿ ಪತ್ರವೂ ಇದಕ್ಕೆ ಸಲ್ಲುವುದಿಲ್ಲ. ತಿದ್ದುಪಡಿ ಪತ್ರ ಇರುವುದು ತಪ್ಪನ್ನು ಸರಿಪಡಿಸುವುದಕ್ಕೆ. ಹೆಸರಿನಲ್ಲಿ ಅಕ್ಷರ ಬಿಟ್ಟಿದ್ದರೆ, ತಂದೆಯ ಹೆಸರು ತಪ್ಪಾಗಿದ್ದರೆ, ಚೆಕ್ಕುಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿದ್ದರೆ ಅದು ತಿದ್ದುಪಡಿ. ಒಬ್ಬ ಮನುಷ್ಯನ ಜಾಗದಲ್ಲಿ ಇನ್ನೊಬ್ಬನನ್ನು ತಂದು ನಿಲ್ಲಿಸುವುದು ತಿದ್ದುಪಡಿ ಅಲ್ಲ, ಅದು ಹೊಸ ಒಪ್ಪಂದ. ಕರಾರಿನ ಹಂತದಲ್ಲಿ ಇದನ್ನು ಮಾಡಲು ದಾರಿಗಳಿವೆ. ಕ್ರಯಪತ್ರವೇ ನೋಂದಣಿಯಾದ ಮೇಲೆ ಆ ದಾರಿಗಳೂ ಮುಚ್ಚಿಹೋಗುತ್ತವೆ, ಆಗ ಹೊಸದಾಗಿ ದಾನಪತ್ರವನ್ನೋ ಕ್ರಯಪತ್ರವನ್ನೋ ಬರೆಸಬೇಕಾಗುತ್ತದೆ.

ಈಗ ಕಾನೂನಿನ ಮಾತು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ ಕ್ರಯದ ಕರಾರಿನಿಂದಲೇ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಆದ್ದರಿಂದ ಮೇಷ್ಟ್ರ ಬಳಿ ಈಗ ಇರುವುದು ಮನೆಯಲ್ಲ, ಮನೆಯನ್ನು ಬರೆಸಿಕೊಳ್ಳುವ ಹಕ್ಕು ಮತ್ತು ಅದರ ಜೊತೆಗೆ ಉಳಿದ 52 ಲಕ್ಷವನ್ನು ಸಕಾಲಕ್ಕೆ ಕೊಡುವ ಹೊಣೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಗೊಂದಲ ಬಹುಪಾಲು ತಿಳಿಯಾಗುತ್ತದೆ. 1962ರಲ್ಲಿ ಸುಪ್ರೀಂ ಕೋರ್ಟು ಖರ್ದಾ ಕಂಪನಿಯ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಕರಾರಿನ ಹಕ್ಕನ್ನು, ಅದು ವ್ಯಕ್ತಿಗತ ಸ್ವರೂಪದ್ದಲ್ಲದಿದ್ದರೆ ಮತ್ತು ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ, ಬೇರೆಯವರಿಗೆ ವರ್ಗಾಯಿಸಬಹುದು, ಹೊಣೆಯನ್ನು ಮಾತ್ರ ಎದುರು ಪಕ್ಷದ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಗದು. ಅಂದರೆ ಮಗನ ಹೆಸರಿಗೆ ಬರೆಸಿಕೊಡಿ ಎಂದು ಕೇಳುವುದು ಒಂದು, ಇನ್ನು ಮೇಲೆ ಹಣಕ್ಕೆ ನನ್ನನ್ನು ಕೇಳಬೇಡಿ, ಮಗನನ್ನು ಕೇಳಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಿಮಗೆ ಹಕ್ಕಿರಬಹುದು, ಎರಡನೆಯದಕ್ಕೆ ಅಣ್ಣತಮ್ಮಂದಿರಿಬ್ಬರೂ ಒಪ್ಪಲೇಬೇಕು. ಮೂರೂ ಪಕ್ಷಗಳು ಸೇರಿ ಹಳೆಯ ಕರಾರಿನ ಬದಲಿಗೆ ಹೊಸದನ್ನು ಮಾಡಿಕೊಂಡರೆ, 1872ರ ಕರಾರು ಕಾಯ್ದೆಯ 62ನೇ ಕಲಮಿನಂತೆ ಹಳೆಯದನ್ನು ನಡೆಸಿಕೊಡುವ ಅಗತ್ಯವೇ ಇರುವುದಿಲ್ಲ.

ಒಂದು ಕೆಲಸ ಮಾಡಿ, ಮೇಷ್ಟ್ರೇ. ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮಾರುವವರು ಯಾರ ಹೆಸರಿಗೆ ಕ್ರಯಪತ್ರ ಬರೆದುಕೊಡಲು ಒಪ್ಪಿದ್ದಾರೆ ಎಂಬ ವಾಕ್ಯವನ್ನು ಹುಡುಕಿ ಇಲ್ಲಿ ಬರೆಯಿರಿ. ಅದನ್ನು ನೋಡದೆ ಎರಡು ಲಕ್ಷದ ಪ್ರಶ್ನೆಗೆ ಉತ್ತರ ಹೇಳಲಾಗದು.

ಸಂಚಕಾರ, ಧಾರವಾಡ

ನಮ್ಮ ಭಾಗದಲ್ಲಿ ಇದನ್ನು ಸಂಚಕಾರ ಪತ್ರವೆಂದು ಕರೆಯುತ್ತೇವೆ. ಅದರಲ್ಲಿ ಹೆಸರು ಬದಲಿಸಲು ಹೋಗಿ ನಮ್ಮ ಕಾಕಾ ಅವರು ಹಣ ಕಳೆದುಕೊಂಡದ್ದನ್ನು ಹತ್ತಿರದಿಂದ ನೋಡಿದ್ದೇನೆ. ಹೊಲವೊಂದಕ್ಕೆ ಸಂಚಕಾರ ಕೊಟ್ಟಿದ್ದ ಒಬ್ಬರು, ಭೂಮಿಯ ದರ ಏರಿದ ಕೂಡಲೇ ಆ ಪತ್ರವನ್ನೇ ಲಾಭಕ್ಕೆ ನಮ್ಮ ಕಾಕಾಗೆ ಕೊಟ್ಟರು. ಹಿಂಬದಿಯ ಖಾಲಿ ಜಾಗದಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿದ್ದೇ ದಾಖಲೆ. ಹೊಲದ ಮಾಲೀಕರಿಗೆ ತಿಳಿಸಿರಲಿಲ್ಲ. ಕಾಕಾ ಹಣ ಹೊಂದಿಸಿಕೊಂಡು ಖರೀದಿಗೆ ಹೋದಾಗ ಮಾಲೀಕರು, ನಿಮ್ಮ ಮುಖವನ್ನೇ ನಾನು ನೋಡಿಲ್ಲ, ನನಗೆ ಸಂಚಕಾರ ಕೊಟ್ಟವರು ಬರಲಿ ಎಂದರು. ಸಂಚಕಾರ ಕೊಟ್ಟವರು ಲಾಭ ಎಣಿಸಿಕೊಂಡಾಗಿತ್ತು, ಅವರು ಬರಲೇ ಇಲ್ಲ. ಕರಾರನ್ನು ನಡೆಸಿಕೊಡುವಂತೆ ದಾವೆ ಹೂಡಲು ಕಾಲಮಿತಿ ಕಾಯ್ದೆಯ 54ನೇ ಅನುಚ್ಛೇದದಂತೆ ಇರುವುದು ಮೂರು ವರ್ಷ. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎನ್ನುವಷ್ಟರಲ್ಲಿ ಅದೂ ಕಳೆಯಿತು.

ಇನ್ನೊಂದು ಮಾತು ಸಂದರ್ಭಕ್ಕೆ ಬಂತೆಂದು ಹೇಳುತ್ತೇನೆ. 2020ರ ತಿದ್ದುಪಡಿಯಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋಗುವ ತನಕ ಕೃಷಿಕರಲ್ಲದವರು ಹೊಲ ಕೊಳ್ಳುವಂತಿರಲಿಲ್ಲ. ಆದ್ದರಿಂದ ಸಂಚಕಾರವನ್ನು ಒಕ್ಕಲುತನದ ಸಂಬಂಧಿಕರ ಹೆಸರಿನಲ್ಲಿ ಮಾಡಿಸಿ, ಆಮೇಲೆ ನೋಡಿದರಾಯಿತು ಎನ್ನುವ ರೂಢಿ ಬೆಳೆದಿತ್ತು. ನಿಯಮ ಹೋದರೂ ರೂಢಿ ಹೋಗಿಲ್ಲ. ಹೆಸರು ಯಾರದಾದರೇನು ಎಂಬ ಉಡಾಫೆ ಅಲ್ಲಿಂದಲೇ ಬಂದದ್ದೆಂದು ನನ್ನ ಅನಿಸಿಕೆ.

ಮೈಸೂರು ಮೇಷ್ಟ್ರು

ಕರಾರನ್ನು ಓದಿದೆ. ಸಹಿ ಮಾಡುವ ದಿನ ಓದಿದ್ದೆನೆಂದೇ ಭಾವಿಸಿದ್ದೆ, ಈಗ ನೋಡಿದರೆ ಬೆಲೆ ಮತ್ತು ಚೆಕ್ಕುಬಂದಿಯನ್ನು ಮಾತ್ರ ಓದಿದ್ದೆ. ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಹೇಳಿದವನು ನಾನು. ಮೂರನೇ ಪುಟದ ವಾಕ್ಯ ಹೀಗಿದೆ:

“ಎರಡನೇ ಪಕ್ಷದವರು ಬಾಕಿ ಹಣವನ್ನು ಮೇಲ್ಕಂಡ ಅವಧಿಯೊಳಗೆ ಸಂದಾಯ ಮಾಡಿದಾಗ, ಮೊದಲನೇ ಪಕ್ಷದವರು ಎರಡನೇ ಪಕ್ಷದವರ ಹೆಸರಿಗಾಗಲೀ ಅಥವಾ ಅವರು ಸೂಚಿಸಿದವರ ಹೆಸರಿಗಾಗಲೀ ಶುದ್ಧ ಕ್ರಯಪತ್ರವನ್ನು ಬರೆದು ನೋಂದಣಿ ಮಾಡಿಸಿಕೊಡಲು ಬದ್ಧರಾಗಿರುತ್ತಾರೆ.”

ಹಳೇ ದಸ್ತಾವೇಜು

ನಿಮ್ಮ ಪತ್ರ ಬರೆದವರು ಕೆಲಸ ಬಲ್ಲವರು. ‘ಅವರು ಸೂಚಿಸಿದವರ ಹೆಸರಿಗಾಗಲೀ’ ಎಂಬ ಮಾತು ಇರುವುದರಿಂದ, ಮಗ-ಸೊಸೆಯ ಹೆಸರಿಗೆ ಕ್ರಯಪತ್ರ ಬರೆದುಕೊಡಲು ಅಣ್ಣತಮ್ಮಂದಿರು ನವೆಂಬರ್ 10ರಂದೇ ಒಪ್ಪಿ ಸಹಿ ಹಾಕಿದ್ದಾರೆ. ಆಗಲೇ ಒಪ್ಪಿದ್ದಕ್ಕೆ ಈಗ ಎರಡು ಲಕ್ಷ ಕೇಳಲು ಆಧಾರವಿಲ್ಲ. ಕೇಳಬಾರದೆಂದಲ್ಲ, ಕೇಳಬಹುದು, ನೀವು ಕೊಡಬೇಕಾದ ಹಣ ಅದಲ್ಲ.

ಹಾಗೆಂದು ಆ ವಾಕ್ಯವನ್ನೇ ನೆಚ್ಚಿಕೊಂಡು ಕೂರಬೇಡಿ. ಆ ವಾಕ್ಯದಿಂದ ಬರೆಸಿಕೊಳ್ಳುವ ಹೆಸರು ಬದಲಾಗುತ್ತದೆ, ಕರಾರಿನ ಪಕ್ಷಕಾರರು ಬದಲಾಗುವುದಿಲ್ಲ. ಮಗನಿಗೆ ಸಾಲ ಸಿಗುವುದು ತಡವಾಗಿ ಅವಧಿ ಮೀರಿದರೆ ನೋಟಿಸು ಬರುವುದು ನಿಮಗೆ. ಮಾರುವವರು ಕೈಯೆತ್ತಿದರೆ ದಾವೆ ಹೂಡಬೇಕಾದವರೂ ನೀವೇ, ಹಣ ಕೊಡಲು ಸದಾ ಸಿದ್ಧನಿದ್ದೆ ಎಂದು ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಮಿನಂತೆ ರುಜುವಾತು ಮಾಡಬೇಕಾದವರೂ ನೀವೇ. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಹಳೆಯ ಕರಾರನ್ನು ರದ್ದು ಮಾಡದೆ, ಅದನ್ನು ಉಲ್ಲೇಖಿಸಿ ಒಂದು ಪೂರಕ ಕರಾರು ಮಾಡಿಕೊಳ್ಳುವುದು ಉತ್ತಮ. ಮೊದಲನೇ ಪಕ್ಷ ಅಣ್ಣತಮ್ಮಂದಿರು, ಎರಡನೇ ಪಕ್ಷ ನೀವು, ಮೂರನೇ ಪಕ್ಷ ಮಗ ಮತ್ತು ಸೊಸೆ. ಅದರಲ್ಲಿ ಬರಬೇಕಾದದ್ದು: ಹಳೆಯ ಕರಾರಿನ ತಾರೀಖು ಮತ್ತು ಇ-ಮುದ್ರಾಂಕದ ಸಂಖ್ಯೆ, ನೀವು ಕೊಟ್ಟ 10 ಲಕ್ಷವನ್ನು ಮೂರನೇ ಪಕ್ಷದವರು ಕೊಡಬೇಕಾದ ಬೆಲೆಯ ಭಾಗವೆಂದು ಮಾರುವವರು ಒಪ್ಪಿದ್ದಾರೆ ಎಂಬ ಮಾತು, ಬಾಕಿ 52 ಲಕ್ಷದ ಹೊಣೆ ಇನ್ನು ಮೂರನೇ ಪಕ್ಷದವರದು ಎಂಬ ಮಾತು, ಉಳಿದ ಷರತ್ತುಗಳು ಯಥಾಪ್ರಕಾರ ಎಂಬ ಮಾತು. ಸಾಧ್ಯವಾದರೆ ಅವಧಿಯನ್ನೂ ಒಂದು ತಿಂಗಳು ವಿಸ್ತರಿಸಿಕೊಳ್ಳಿ.

ರದ್ದು ಮಾಡಿ ಹೊಸದಾಗಿ ಬರೆಯುವುದಕ್ಕೆ ನಾನು ಒಲವು ತೋರದಿರಲು ಕಾರಣವಿದೆ. ರದ್ದತಿಗೆ ಸಹಿ ಬಿದ್ದು ಹೊಸದಕ್ಕೆ ಸಹಿ ಬೀಳುವ ಮುಂಚಿನ ಆ ಅರ್ಧ ಗಂಟೆ ಅಥವಾ ಅರ್ಧ ದಿನ, ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಬೆಲೆ ಏರುತ್ತಿರುವ ಕಡೆ ಅಣ್ಣನಂಥವರು ಆ ಸಂದಿಯಲ್ಲಿಯೇ ಹೊಸ ಬೆಲೆಯ ಮಾತು ತೆಗೆಯುತ್ತಾರೆ. ಪೂರಕ ಕರಾರಾದರೆ ನವೆಂಬರ್ 10ರ ಬೆಲೆ, ನವೆಂಬರ್ 10ರ ಷರತ್ತು ಅಲ್ಲಿಯೇ ನಿಲ್ಲುತ್ತವೆ.

ನಿಮ್ಮ ಕರಾರು ನೋಂದಣಿಯಾಗಿಲ್ಲದಿರುವುದರಿಂದ ಒಂದು ಹಂತ ಕಡಿಮೆಯಾಯಿತು. ನೋಂದಾಯಿತ ಕರಾರಾಗಿದ್ದರೆ ಅದು, ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿನೊಡನೆ ಕಾಣಿಸುತ್ತದೆ, ಆಗ ಪೂರಕ ಪತ್ರವನ್ನಾಗಲೀ ರದ್ದತಿ ಪತ್ರವನ್ನಾಗಲೀ ನೋಂದಣಿಯನ್ನೇ ಮಾಡಿಸಬೇಕು. ನೋಂದಾಯಿತ ಕರಾರನ್ನು ಬಾಯಿಮಾತಿನಿಂದ ಬದಲಿಸಿದೆವೆಂದು ಹೇಳಿದರೆ ಸಾಕ್ಷ್ಯ ಕಾನೂನು ಒಪ್ಪುವುದಿಲ್ಲ.

ತುಮಕೂರು ರಸ್ತೆ

ನನ್ನ ಮೊದಲಿನ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ಸುಲಭೋಪಾಯ ಹೊಳೆಯಿತು. ಮೇಷ್ಟ್ರು ತಮ್ಮ ಹೆಸರಿಗೇ ಕ್ರಯಪತ್ರ ಮಾಡಿಸಿಕೊಂಡು, ಮರುದಿನ ಮಗನಿಗೆ ದಾನಪತ್ರ ಬರೆದರೆ ಈ ಯಾವ ತಾಪತ್ರಯವೂ ಇರುವುದಿಲ್ಲವಲ್ಲ? ಕುಟುಂಬದೊಳಗಿನ ದಾನಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಶೇಕಡಾವಾರು ಅಲ್ಲ, ನಿಗದಿತ ಮೊತ್ತ ಮಾತ್ರ.

ಸಾಲ ವಿಭಾಗ

ಬ್ಯಾಂಕೊಂದರ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕೈಯಲ್ಲಿ ಪೂರ್ತಿ ಹಣವಿದ್ದವರಿಗೆ ತುಮಕೂರು ರಸ್ತೆಯವರ ಸಲಹೆ ನಿಜಕ್ಕೂ ಒಳ್ಳೆಯದು. ಮೇಷ್ಟ್ರ ಸಂಗತಿಯಲ್ಲಿ ಸಾಲವಿಲ್ಲದೆ ಕ್ರಯಪತ್ರವೇ ಆಗುವುದಿಲ್ಲ, ಮತ್ತು ಸಾಲ ಸಿಗಬೇಕಾದರೆ ಮಗನ ಹೆಸರು ಕ್ರಯಪತ್ರದಲ್ಲಿರಬೇಕು. ಅಪ್ಪನ ಹೆಸರಿನ ಮನೆಯನ್ನು ಅಡಮಾನವಿಟ್ಟ ಮೇಲೆ ಬ್ಯಾಂಕಿನ ಒಪ್ಪಿಗೆಯಿಲ್ಲದೆ ದಾನಪತ್ರ ಬರೆಯಲಾಗದು. ಅಲ್ಲದೆ ಮಗ ಕಂತು ಕಟ್ಟುತ್ತಿದ್ದರೂ ಮನೆಯ ಒಡೆಯನಲ್ಲದಿದ್ದರೆ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಅವನಿಗೆ ದಕ್ಕುವುದಿಲ್ಲ.

ಬ್ಯಾಂಕಿನ ಕಣ್ಣಿನಿಂದ ಈ ವ್ಯವಹಾರವನ್ನು ಸ್ವಲ್ಪ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕಿಂತ ಮೇಲಿನ, 75 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 80ನ್ನು ಮೀರುವಂತಿಲ್ಲ. 62 ಲಕ್ಷಕ್ಕೆ ಇದು 49 ಲಕ್ಷ 60 ಸಾವಿರ. ಉಳಿದ 12 ಲಕ್ಷ 40 ಸಾವಿರವನ್ನು ಸಾಲಗಾರರು ತಾವೇ ಹಾಕಿದ್ದಾರೆಂದು ಬ್ಯಾಂಕಿಗೆ ತೋರಿಸಬೇಕು. ನಿಮ್ಮ 10 ಲಕ್ಷದ ರಸೀದಿ ನಿಮ್ಮ ಹೆಸರಿನಲ್ಲಿದೆ, ಸಾಲದ ಅರ್ಜಿ ಮಗನ ಹೆಸರಿನಲ್ಲಿದೆ. ಈ ಎರಡನ್ನು ಜೋಡಿಸುವ ಕಾಗದ ಇಲ್ಲದಿದ್ದರೆ, ಮಗ ಇನ್ನೂ ಒಂದು ರೂಪಾಯಿಯನ್ನೂ ಹಾಕಿಲ್ಲ ಎಂದೇ ಕಡತದಲ್ಲಿ ಬರೆಯುತ್ತಾರೆ. ಹಳೇ ದಸ್ತಾವೇಜು ಅವರು ಹೇಳಿದ ಪೂರಕ ಕರಾರಿನಲ್ಲಿ 10 ಲಕ್ಷದ ವಾಕ್ಯ ಏಕೆ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಮುದ್ರಾಂಕ ಮತ್ತು ನೋಂದಣಿಯ ವೆಚ್ಚವನ್ನು ಈ ಲೆಕ್ಕದಲ್ಲಿ ಮೌಲ್ಯಕ್ಕೆ ಸೇರಿಸುವುದಿಲ್ಲ. ಶೇ. 5ರ ಮುದ್ರಾಂಕ, ಅದರ ಮೇಲಿನ ಉಪಕರ ಮತ್ತು ಅಧಿಭಾರ ಸೇರಿ ನಗರದಲ್ಲಿ ಶೇ. 5.6, ಜೊತೆಗೆ ಕಳೆದ ಆಗಸ್ಟ್ 31ರಿಂದ ಶೇ. 2 ಆಗಿರುವ ನೋಂದಣಿ ಶುಲ್ಕ. ಎಲ್ಲ ಸೇರಿ ಸುಮಾರು 4 ಲಕ್ಷ 71 ಸಾವಿರ ಆಗುತ್ತದೆ, ಅದನ್ನು ಬೇರೆಯಾಗಿಯೇ ಹೊಂದಿಸಿಕೊಳ್ಳಿ.

ಸಾಲ ಮಂಜೂರಾದ ಮೇಲೆ ಹೆಸರು ಬದಲಿಸಲು ಹೋಗಬೇಡಿ. ಪೂರಕ ಕರಾರು ಮೊದಲು, ಅರ್ಜಿ ಆಮೇಲೆ. ಮಂಜೂರಾತಿ ಪತ್ರದಲ್ಲಿ ಒಂದು ಹೆಸರು, ಕರಾರಿನಲ್ಲಿ ಇನ್ನೊಂದು ಹೆಸರಿದ್ದು ಕಡತ ವಾಪಸಾದದ್ದನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಲೆಕ್ಕದ ಪುಸ್ತಕ

ತೆರಿಗೆಯ ವಿಷಯವನ್ನು ಯಾರೂ ಎತ್ತಿಲ್ಲ. ಮೇಷ್ಟ್ರೇ, ಮುಂಗಡ ಕೊಡುವಾಗ ಶೇ. 1 ತೆರಿಗೆಯನ್ನು ಮುರಿದುಕೊಂಡಿದ್ದಿರಾ? 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ ಮನೆ ಕೊಳ್ಳುವವರು, ಆದಾಯ ತೆರಿಗೆ ಕಾಯ್ದೆಯ 194-ಐಎ ಕಲಮಿನಂತೆ, ಪ್ರತಿ ಪಾವತಿಯಲ್ಲೂ ಅದನ್ನು ಮುರಿದು ಸರಕಾರಕ್ಕೆ ಕಟ್ಟಬೇಕು. ಪಾವತಿಯಾದ ತಿಂಗಳು ಮುಗಿದ ಮೂವತ್ತು ದಿನಗಳೊಳಗೆ 26ಕ್ಯೂಬಿ ನಮೂನೆಯಲ್ಲಿ ಕಟ್ಟಬೇಕಾದ್ದರಿಂದ, ನಿಮ್ಮ ನವೆಂಬರ್ ಮುಂಗಡಕ್ಕೆ ಡಿಸೆಂಬರ್ 30 ಕೊನೆಯ ದಿನ. ತಡವಾದರೆ ಬಡ್ಡಿಯಲ್ಲದೆ ದಿನಕ್ಕೆ 200 ರೂಪಾಯಿ ವಿಳಂಬ ಶುಲ್ಕ.

ಮುರಿದುಕೊಂಡಿಲ್ಲವಾದರೆ 10,000 ರೂಪಾಯಿಯನ್ನು ಈಗ ನಿಮ್ಮ ಕೈಯಿಂದ ಕಟ್ಟಿ, ಮಾರುವವರಿಗೆ ತಿಳಿಸಿ ಬಾಕಿ ಹಣದಲ್ಲಿ ಸರಿಹೊಂದಿಸಿಕೊಳ್ಳಿ. ಹೇಗಿದ್ದರೂ ಮಗನ ಹೆಸರಿಗೆ ಬದಲಾಗುತ್ತದಲ್ಲ ಎಂದು ಇದನ್ನು ಮಗನ ಪ್ಯಾನ್‌ನಲ್ಲಿ ಕಟ್ಟಬೇಡಿ. ಆ ದಿನ ಕೊಳ್ಳುವವರು ನೀವು, ಹಣ ಹೋದದ್ದು ನಿಮ್ಮ ಖಾತೆಯಿಂದ, ಆದ್ದರಿಂದ ಆ ಕಂತು ನಿಮ್ಮ ಪ್ಯಾನ್‌ನಲ್ಲಿಯೇ ಇರಬೇಕು. ಮುಂದಿನ ಕಂತುಗಳನ್ನು ಮಗ ಮತ್ತು ಸೊಸೆ ತಮ್ಮ ತಮ್ಮ ಪ್ಯಾನ್‌ನಲ್ಲಿ ಕಟ್ಟಲಿ. ಪ್ರತಿ ಕೊಳ್ಳುವವರು ಮತ್ತು ಮಾರುವವರ ಜೋಡಿಗೆ ಒಂದೊಂದು ನಮೂನೆ ಬೇಕು. ಈಗ ನಿಮಗೆ ಎರಡು, ಆಮೇಲೆ ಅವರಿಗೆ ನಾಲ್ಕು. ತಲಾ 31 ಲಕ್ಷವಾಯಿತು, 50 ಲಕ್ಷ ಮುಟ್ಟಲಿಲ್ಲ ಎಂಬ ಹಳೆಯ ವಾದವೂ ನಡೆಯುವುದಿಲ್ಲ. 2024ರ ಅಕ್ಟೋಬರ್ 1ರಿಂದ ಎಲ್ಲರ ಪಾಲನ್ನೂ ಕೂಡಿಸಿಯೇ ಮಿತಿಯನ್ನು ನೋಡುತ್ತಾರೆ.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ. ಹಣ ಒಬ್ಬರದು, ಹೆಸರು ಇನ್ನೊಬ್ಬರದು ಎಂದಾಗ 1988ರ ಬೇನಾಮಿ ವ್ಯವಹಾರ ನಿಷೇಧ ಕಾಯ್ದೆಯನ್ನು ನೆನೆಯಬೇಕು. 2016ರ ತಿದ್ದುಪಡಿಯ ಬಳಿಕ ಅದು ಕಟ್ಟುನಿಟ್ಟಾಗಿದೆ. ಲೆಕ್ಕ ತೋರಿಸಬಲ್ಲ ಸ್ವಂತ ಹಣದಿಂದ ಪತಿ, ಪತ್ನಿ ಅಥವಾ ಮಕ್ಕಳ ಹೆಸರಿನಲ್ಲಿ ಕೊಂಡರೆ ಅದು ಬೇನಾಮಿ ಅಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿ, ಮೊಮ್ಮಕ್ಕಳ ಹೆಸರಾದರೆ ಹಣ ಕೊಟ್ಟವರ ಹೆಸರೂ ಜಂಟಿಯಾಗಿ ಪತ್ರದಲ್ಲಿರಬೇಕು. ಈ ಪಟ್ಟಿಯಲ್ಲಿ ಸೊಸೆ ಇಲ್ಲ. ಆದ್ದರಿಂದ ನಿಮ್ಮ 10 ಲಕ್ಷವನ್ನು ಮಗನಿಗೆ ಕೊಟ್ಟ ಉಡುಗೊರೆ ಎಂದು ಒಂದು ಪತ್ರ ಮಾಡಿಡಿ. ತಂದೆ ಮಗನಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಸೊಸೆಯ ಪಾಲು ಆಕೆಯ ಸಂಬಳ ಮತ್ತು ಆಕೆಯ ಸಾಲದಿಂದ ಬರಲಿ. ಯಾರ ಪಾಲು ಎಷ್ಟೆಂಬುದನ್ನು ಕ್ರಯಪತ್ರದಲ್ಲಿ ಬರೆಸುವುದು ಲೇಸು. ಬರೆಯದಿದ್ದರೆ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ ಯಾರು ಎಷ್ಟು ಹಣ ಹಾಕಿದರು ಎಂಬುದರ ಮೇಲೆ ಪಾಲು ನಿಂತಿರುತ್ತದೆ, ಅದಕ್ಕೂ ಪುರಾವೆಯಿಲ್ಲದಿದ್ದರೆ ಸಮಪಾಲೆಂದು ಭಾವಿಸುತ್ತಾರೆ.

ರದ್ದು ಮಾಡಿ ಮುಂಗಡ ವಾಪಸು ಪಡೆಯುವವರಿಗೂ ಒಂದು ಮಾತು. ಸ್ಥಿರಾಸ್ತಿಯ ಮುಂಗಡವನ್ನು 20,000 ರೂಪಾಯಿ ಅಥವಾ ಹೆಚ್ಚಿನ ಮೊತ್ತದಲ್ಲಿ ನಗದಾಗಿ ಪಡೆಯುವುದು ಮಾತ್ರವಲ್ಲ, ಹಿಂದಿರುಗಿಸುವುದೂ ತಪ್ಪು. ದಂಡ ಆ ಮೊತ್ತದಷ್ಟೇ ಆಗಬಹುದು.

ಮೈಸೂರು ಮೇಷ್ಟ್ರು

ಶೇ. 1ರ ವಿಷಯ ನನಗೆ ಗೊತ್ತೇ ಇರಲಿಲ್ಲ. ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗನ ಸಹಾಯದಿಂದ ಎರಡೂ ನಮೂನೆಗಳನ್ನು ತುಂಬಿ ತಲಾ 5,000 ಕಟ್ಟಿದೆ. ಮೂರನೇ ಪುಟದ ವಾಕ್ಯವನ್ನು ಅಣ್ಣನವರಿಗೆ ಓದಿ ಹೇಳಿದ್ದೂ ಆಯಿತು. ಅವರು, ಸೂಚಿಸಿದವರೆಂದರೆ ನಿಮ್ಮ ಶ್ರೀಮತಿಯವರು ಎಂದುಕೊಂಡಿದ್ದೆವು, ಮಗ ಎಂದುಕೊಂಡಿರಲಿಲ್ಲ ಎನ್ನುತ್ತಿದ್ದಾರೆ.

ಸಂಚಕಾರ, ಧಾರವಾಡ

ಅವರೇನು ಎಂದುಕೊಂಡಿದ್ದರು ಎಂಬುದು ಕಾಗದದಲ್ಲಿಲ್ಲ. ಆದರೆ ಅವರ ಅಂಜಿಕೆಯೂ ಪೂರ್ತಿ ಸುಳ್ಳಲ್ಲವೆಂದು ನನಗೆ ಅನ್ನಿಸುತ್ತದೆ. ಮಾರುವವರಿಗೆ ಪರಿಚಯವಿರುವುದು ಮೇಷ್ಟ್ರದು. ಮಗನ ಸಾಲ ಮಂಜೂರಾಗುತ್ತದೆಯೋ ಇಲ್ಲವೋ, ಆಗದಿದ್ದರೆ ತಾನು ಹೊಣೆಯಲ್ಲ ಎಂದು ಮೇಷ್ಟ್ರು ಸರಿದು ನಿಲ್ಲುತ್ತಾರೋ ಏನೋ ಎಂಬ ಚಿಂತೆ ಅವರಿಗಿರಬಹುದು. ಎರಡು ಲಕ್ಷಕ್ಕಿಂತ ಆ ಚಿಂತೆಗೆ ಉತ್ತರ ಕೊಟ್ಟರೆ ಮಾತು ಮುಗಿಯಬಹುದು.

ಹಳೇ ದಸ್ತಾವೇಜು

ಧಾರವಾಡದವರ ಮಾತು ನನ್ನ ಕಾನೂನಿಗಿಂತ ಹೆಚ್ಚು ಉಪಯೋಗದ್ದು. ಪೂರಕ ಕರಾರಿನಲ್ಲಿ ಮೇಷ್ಟ್ರನ್ನು ಹೊಣೆಯಿಂದ ಬಿಡಿಸದೆ, ಮೂರನೇ ಪಕ್ಷದವರು ಬಾಕಿ ಹಣ ಕೊಡಲು ತಪ್ಪಿದಲ್ಲಿ ಎರಡನೇ ಪಕ್ಷದವರೂ ಜವಾಬ್ದಾರರು ಎಂದು ಬರೆದುಬಿಡಿ. ಅಪ್ಪ-ಮಗನ ನಡುವೆ ಇದರಿಂದ ನಷ್ಟವೇನಿಲ್ಲ, ಮಾರುವವರಿಗೆ ಮೊದಲಿಗಿಂತ ಹೆಚ್ಚಿನ ಭದ್ರತೆ ಸಿಗುತ್ತದೆ. ಅಪರಿಚಿತರಿಗೆ ಕರಾರು ವರ್ಗಾಯಿಸುವವರಿಗೆ ಈ ಸಲಹೆ ಕೊಡಲಾರೆ. ಇಬ್ಬರು ಅಣ್ಣತಮ್ಮಂದಿರೂ ಸಹಿ ಮಾಡಬೇಕು. ತಮ್ಮ ಒಪ್ಪಿದ್ದಾರೆ, ಅಣ್ಣ ಆಮೇಲೆ ಮಾಡುತ್ತಾರೆ ಎಂದು ಒಂದೇ ಸಹಿಯಲ್ಲಿ ತರಬೇಡಿ.

ಮಲೆನಾಡಿನವಳು

ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆ. ನಮ್ಮ ತಂದೆಯವರು ಶಿವಮೊಗ್ಗದಲ್ಲಿ ನಿವೇಶನವೊಂದಕ್ಕೆ ಕರಾರು ಮಾಡಿಕೊಂಡು, ಅವಧಿ ಮುಗಿಯುವ ಮುಂಚೆಯೇ ತೀರಿಕೊಂಡರು. ಕೊಳ್ಳುವವರೇ ಇಲ್ಲವಾದ್ದರಿಂದ ಕರಾರು ಮುಗಿಯಿತು, ಮುಂಗಡ ಮುಳುಗಿತು ಎಂದು ಮಾರುವವರು ಹೇಳುತ್ತಿದ್ದಾರೆ. ನಮ್ಮ ಕರಾರಿನಲ್ಲಿ ‘ಸೂಚಿಸಿದವರು’ ಎಂಬ ಮಾತು ಇಲ್ಲ.

ಹಳೇ ದಸ್ತಾವೇಜು

ಅಮ್ಮಾ, ಮುಗಿದಿಲ್ಲ. ಕರಾರು ಕಾಯ್ದೆಯ 37ನೇ ಕಲಮಿನಂತೆ, ಕರಾರಿನಿಂದಲೇ ಬೇರೆ ಅರ್ಥ ಹೊರಡದಿದ್ದರೆ, ತೀರಿಕೊಂಡವರ ಮಾತು ಅವರ ವಾರಸುದಾರರ ಮೇಲೆ ಬರುತ್ತದೆ. ಬರೆಸಿಕೊಳ್ಳುವ ಹಕ್ಕೂ ಹಾಗೆಯೇ ಅವರಿಗೆ ಇಳಿದುಬರುತ್ತದೆ. ಇಲ್ಲಿ ಮಾರುವವರ ಒಪ್ಪಿಗೆ ಕೇಳುವ ಪ್ರಶ್ನೆಯೇ ಇಲ್ಲ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷವನ್ನು ತೆಗೆಸಿ, ಬಾಕಿ ಹಣ ಕೊಡಲು ಸಿದ್ಧರಿದ್ದೇವೆಂದು ತಾಯಿಯವರೂ ಎಲ್ಲ ಮಕ್ಕಳೂ ಸೇರಿ ಅವಧಿಯೊಳಗೇ ವಕೀಲರ ಮೂಲಕ ನೋಟಿಸು ಕೊಡಿ. ಒಬ್ಬರ ಹೆಸರಿಗೇ ಬರೆಸಿಕೊಳ್ಳುವುದಾದರೆ ಉಳಿದವರು ಲಿಖಿತ ಒಪ್ಪಿಗೆ ಕೊಡಬೇಕು. ಒಂದು ವೇಳೆ ವ್ಯವಹಾರವೇ ಬೇಡವೆನಿಸಿದರೂ, ಮಾರುವವರ ತಪ್ಪಿನಿಂದ ಅದು ಮುರಿದುಬಿದ್ದಿದ್ದರೆ ಕೊಟ್ಟ ಹಣಕ್ಕೆ ಆ ನಿವೇಶನದ ಮೇಲೆಯೇ ನಿಮಗೆ ಹೊರೆಯ ಹಕ್ಕಿದೆ, ಅಂದರೆ ಆ ಹಣವನ್ನು ನಿವೇಶನದಿಂದಲೇ ವಸೂಲು ಮಾಡಿಕೊಳ್ಳುವ ಹಕ್ಕು, ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ನೋಡಿ.

ಹೆಬ್ಬಾಳ ಮೇಲ್ಸೇತುವೆ

ಬೆಂಗಳೂರಿನಲ್ಲಿ ಕಟ್ಟುತ್ತಿರುವ ಫ್ಲಾಟೊಂದನ್ನು ನನ್ನ ಹೆಸರಿನಲ್ಲಿ ಕಾದಿರಿಸಿದ್ದೇನೆ, ಕರಾರು ನೋಂದಣಿಯಾಗಿದೆ. ಈಗ ಅದನ್ನು ತಮ್ಮನ ಹೆಸರಿಗೆ ಮಾಡಿಸಬೇಕಿದೆ. ಕಟ್ಟುವವರು ಚದರಡಿಗೆ ಇಷ್ಟೆಂದು ವರ್ಗಾವಣೆ ಶುಲ್ಕ ಕೇಳುತ್ತಿದ್ದಾರೆ. ಮೇಷ್ಟ್ರಿಗೆ ಹೇಳಿದಂತೆ ನಾನೂ ಕೊಡುವುದಿಲ್ಲ ಎನ್ನಬಹುದೇ?

ಲೆಕ್ಕದ ಪುಸ್ತಕ

ಎನ್ನುವ ಮುಂಚೆ ನಿಮ್ಮ ಕರಾರನ್ನು ಓದಿಕೊಳ್ಳಿ. ಕಟ್ಟಡ ಕಟ್ಟಿ ಮಾರುವವರನ್ನು ನಿಯಂತ್ರಿಸುವ ರೇರಾ ಕಾಯ್ದೆಯ 13ನೇ ಕಲಮಿನಂತೆ ಶೇ. 10ಕ್ಕಿಂತ ಹೆಚ್ಚು ಹಣ ಪಡೆಯುವ ಮುಂಚೆ ಅವರು ಕರಾರನ್ನು ನೋಂದಣಿ ಮಾಡಿಕೊಡಲೇಬೇಕು, ಆದ್ದರಿಂದ ನಿಮ್ಮ ಕೈಯಲ್ಲಿ ವಿವರವಾದ ಕರಾರು ಇದ್ದೇ ಇರುತ್ತದೆ. ವರ್ಗಾವಣೆಗೆ ಒಪ್ಪಿಗೆ ಬೇಕು, ಶುಲ್ಕ ಇಷ್ಟು ಎಂದು ಅದರಲ್ಲಿ ನೀವು ಸಹಿ ಮಾಡಿದ್ದರೆ ಕೊಡಬೇಕಾಗುತ್ತದೆ. ಬರೆಯದ ಶುಲ್ಕವನ್ನು ಕೇಳಿದರೆ ಯಾವ ಷರತ್ತಿನಡಿ ಎಂದು ಬರಹದಲ್ಲಿಯೇ ಕೇಳಿ. ಸಾಲವಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮೊದಲು. ತಮ್ಮನಿಂದ ನೀವು ಕಟ್ಟಿದ್ದಕ್ಕಿಂತ ಹೆಚ್ಚು ಹಣ ಪಡೆದರೆ ಆ ಹೆಚ್ಚುವರಿಗೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ, ಏಕೆಂದರೆ ಬರೆಸಿಕೊಳ್ಳುವ ಹಕ್ಕೂ ತೆರಿಗೆಯ ಲೆಕ್ಕದಲ್ಲಿ ಒಂದು ಆಸ್ತಿಯೇ. ಏನನ್ನೂ ಪಡೆಯದೆ, ನಿಮ್ಮ ಹಣದಲ್ಲಿಯೇ ಅವರೊಬ್ಬರ ಹೆಸರಿಗೆ ಮಾಡಿಸಿದರೆ ಮೇಲೆ ಹೇಳಿದ ಬೇನಾಮಿಯ ಪ್ರಶ್ನೆ ಏಳುತ್ತದೆ.

ಮೈಸೂರು ಮೇಷ್ಟ್ರು (ಫೆಬ್ರವರಿ 21, 2026)

ಇಷ್ಟೊಂದು ಕಾಳಜಿಯಿಂದ ಬರೆದವರಿಗೆ ಮುಂದೇನಾಯಿತೆಂದು ತಿಳಿಸದಿದ್ದರೆ ತಪ್ಪಾಗುತ್ತದೆ. ಡಿಸೆಂಬರ್ 28ರ ಭಾನುವಾರ ಮಗ-ಸೊಸೆ ಪುಣೆಯಿಂದ ಬಂದರು. ನಾನೂ ಜವಾಬ್ದಾರನೆಂಬ ವಾಕ್ಯವನ್ನು ಸೇರಿಸುತ್ತೇವೆಂದ ಕೂಡಲೇ ಅಣ್ಣನವರು ಎರಡು ಲಕ್ಷದ ಮಾತನ್ನು ಬಿಟ್ಟರು. ಪೂರಕ ಕರಾರಿನ ಮುದ್ರಾಂಕ ಮತ್ತು ವಕೀಲರ ಖರ್ಚು ಪೂರ್ತಿ ನಮ್ಮದೇ ಎಂದರು, ಒಪ್ಪಿದೆವು. ಮರುದಿನ ಹೊಸ ಇ-ಮುದ್ರಾಂಕದ ಮೇಲೆ, ಮೂರೂ ಪಕ್ಷಗಳ ಹೆಸರು ಹಾಕಿಸಿ, ಐವರೂ ಪ್ರತಿ ಪುಟಕ್ಕೂ ಸಹಿ ಮಾಡಿದೆವು. ಅವಧಿಯನ್ನು ಮಾರ್ಚ್ 10ರವರೆಗೆ ವಿಸ್ತರಿಸಿಕೊಂಡೆವು. ಬ್ಯಾಂಕಿನ ವಕೀಲರು ಉಡುಗೊರೆ ಪತ್ರದ ನಕಲನ್ನೂ ನಾನು ಕಟ್ಟಿದ ತೆರಿಗೆಯ ಚಲನ್ನುಗಳನ್ನೂ ಕೇಳಿ ಪಡೆದರು. ಕ್ರಯಪತ್ರದ ಕರಡಿನಲ್ಲಿ ಅವರೇ ಒಂದು ಬದಲಾವಣೆ ಮಾಡಿಸಿದರು: ಮೊದಲಿನ ಕರಾರುದಾರನಾದ ನಾನು ಒಪ್ಪಿಗೆದಾರನಾಗಿ ಕ್ರಯಪತ್ರಕ್ಕೂ ಸಹಿ ಹಾಕಬೇಕು, ಆ ಕರಾರಿನಡಿ ನನಗೆ ಇನ್ನು ಯಾವ ಹಕ್ಕೂ ಉಳಿದಿಲ್ಲವೆಂದು ಅದರಲ್ಲಿ ಬರೆಯಬೇಕು.

ಮೊನ್ನೆ ಗುರುವಾರ ನೋಂದಣಿಯಾಯಿತು. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಾನೂ ಭಾವಚಿತ್ರಕ್ಕೆ ಕುಳಿತು ಹೆಬ್ಬೆಟ್ಟು ಒತ್ತಿದೆ. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ನಾನು ಅಲ್ಲೇಕೆ ಎಂದು ಸಾಲಿನಲ್ಲಿದ್ದ ಒಬ್ಬರು ಕೇಳಿದರು, ವಿವರಿಸುವಷ್ಟರಲ್ಲಿ ಅವರ ಸರದಿ ಬಂತು. ಎರಡೂ ಮೂಲ ಕರಾರುಗಳನ್ನು ಕ್ರಯಪತ್ರದೊಡನೆ ಬ್ಯಾಂಕಿನವರು ಇರಿಸಿಕೊಂಡಿದ್ದಾರೆ. ದೃಢೀಕೃತ ನಕಲುಗಳು ನನ್ನ ಬಳಿ ಇವೆ, ಮೂರನೇ ಪುಟಕ್ಕೆ ಗುರುತು ಹಾಕಿಟ್ಟಿದ್ದೇನೆ.